ಒಂಬತ್ತನೇ ರೂಮಿನ ಐದನೆಯವರು

"ನಮ್ಮ ರೂಮಲ್ಲಿ ಕಳ್ಳತನ ಆಗಿದೆ. ಬಂಗಾರದ ಬಳೆ ಹೋಗಿದೆ."

ಬೆಳಿಗ್ಗೆ ಹನ್ನೊಂದೂವರೆ. ನಮ್ಮ ರೆಸಾರ್ಟಿನ ರಿಸೆಪ್ಷನ್ ಕೌಂಟರಿನ ಮುಂದೆ ಒಂಬತ್ತನೇ ರೂಮಿನ ಗಂಡ ಹೆಂಡತಿ ನಿಂತಿದ್ದರು. ಗಂಡನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಹೆಂಡತಿಯ ಕಣ್ಣೂ ಒದ್ದೆ. ಕೆರೆಯಲ್ಲಿ ದೋಣಿ ಸುತ್ತಿ ಆಗಷ್ಟೇ ಬಂದಿದ್ದರು.

ಕೌಂಟರಿನ ಹಿಂದೆ ನಿಂತವನು ನಾನು. ಹನ್ನೆರಡು ವರ್ಷದಿಂದ ಅಲ್ಲೇ ನಿಂತಿದ್ದೇನೆ. ಮುಖ ನೋಡಿ ಮನುಷ್ಯನನ್ನು ಅಳೆಯುವುದರಲ್ಲಿ ನನ್ನದು ಎತ್ತಿದ ಕೈ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆ ದಿನ ಸಂಜೆಯೊಳಗೆ ಆ ಜಂಬ ಇಳಿಯಿತು. ಇಳಿಸಿದವರು ನಮ್ಮ ಇಸ್ತ್ರಿ ಅತ್ತೆ. ಈ ಕಥೆ ಅವರದು.

"ಯಾರ ಬಳೆ ಮೇಡಂ?" ಎಂದೆ.

"ನಂದೇ." ಹೆಂಡತಿ ಗಂಡನ ಮುಖ ನೋಡಿದರು. "ನಂದೇ. ಇಪ್ಪತ್ತು ವರ್ಷದಿಂದ ಕೈಯಿಂದ ತೆಗೆದಿರ್ಲಿಲ್ಲ. ನೀರಿಗೆ ಬಿದ್ದೀತು ಅಂತ ಇವತ್ತು ದಿಂಬಿನ ಕೆಳಗೆ ಇಟ್ಟು ಹೋಗಿದ್ದು."

"ಆಗ ರೂಮಲ್ಲಿ ಯಾರಿದ್ರು?"

"ಯಾರೂ ಇಲ್ಲ." ನನ್ನ ಪ್ರಶ್ನೆ ಮುಗಿಯುವ ಮೊದಲೇ ಗಂಡ ಉತ್ತರ ಕೊಟ್ಟರು. "ನಾವಿರೋದೇ ಇಬ್ರು. ಇಬ್ರೂ ದೋಣೀಲಿದ್ವಿ."

ಮ್ಯಾನೇಜರ್ ಸಾಹೇಬರು ಒಳಗಿನಿಂದ ಬಂದರು. ರೆಸಾರ್ಟಿನ ನಿಯಮಗಳ ಪುಸ್ತಕವನ್ನು ಪುಟದ ಸಂಖ್ಯೆ ಸಮೇತ ಬಾಯಿಪಾಠ ಮಾಡಿದ ಮನುಷ್ಯ. ಕೆಟ್ಟವರಲ್ಲ. ಆದರೆ ಪುಸ್ತಕದಲ್ಲಿ ಇಲ್ಲದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

"ಒಂಬತ್ತರ ಬಾಗಿಲಿಗೆ ಎರಡೇ ಕೀ," ಎಂದರು. "ಒಂದು ನಿಮ್ಮ ಹತ್ರ."

"ಅದನ್ನ ದೋಣಿಮನೇಲಿ ಕೊಟ್ಟಿದ್ವಿ."

ಅದು ನಮ್ಮಲ್ಲಿನ ಪದ್ಧತಿ. ದೋಣಿಗೆ ಹೋಗುವವರು ಲೈಫ್ ಜಾಕೆಟ್ ತೆಗೆದುಕೊಳ್ಳುವಾಗ ರೂಮಿನ ಕೀ ಕೊಡಬೇಕು. ಜಾಕೆಟ್ ಮರಳಿಸಿದಾಗ ಕೀ ಸಿಗುತ್ತದೆ. ಜಾಕೆಟ್ ತೊಟ್ಟುಕೊಂಡೇ ಮನೆಗೆ ಹೋದ ಮಹನೀಯರೊಬ್ಬರಿಂದ ಈ ಪದ್ಧತಿ ಶುರುವಾಯಿತು.

ಬೋಟ್ ಮೇಷ್ಟ್ರಿಗೆ ಹೇಳಿ ಕಳಿಸಿದೆವು. ದೋಣಿಮನೆಯ ಉಸ್ತುವಾರಿ ಅವರದು. ಮಕ್ಕಳಿಗೆ ಈಜು ಕಲಿಸುತ್ತಾರೆ, ಆದ್ದರಿಂದ ಮೇಷ್ಟ್ರು. ನಗುಮುಖದ ಆಸಾಮಿ. ರಬ್ಬರ್ ಚಪ್ಪಲಿಯಲ್ಲಿ ಓಡೋಡಿ ಬಂದರು.

"ಕೀ ಹತ್ತು ಗಂಟೆಗೆ ನನ್ನ ಕೈಗೆ ಬಂತು ಸಾರ್. ಮೊಳೆಗೆ ತಗುಲಿ ಹಾಕ್ದೆ. ಇವರು ವಾಪಸ್ ಬರೋ ತನಕ ಅದು ಅಲ್ಲಾಡಿಲ್ಲ. ನಾನು ಅಲ್ಲೇ ಕೂತಿದ್ದೆ."

ಉಳಿದದ್ದು ಇನ್ನೊಂದು ಕೀ. ಅದು ಆ ಸಾಲಿನ ರೂಮುಗಳನ್ನು ಗುಡಿಸಿ ಒರೆಸುವ ಗುಬ್ಬಿಯ ಗೊಂಚಲಿನಲ್ಲಿತ್ತು. ಗುಬ್ಬಿ ಎಂದರೆ ಗುಬ್ಬಿಯೇ. ಸಣ್ಣ ಮೈ, ಚುರುಕು ಕಾಲು, ಒಂದು ಕಡೆ ನಿಂತದ್ದನ್ನು ಯಾರೂ ನೋಡಿಲ್ಲ. ಆ ದಿನ ಮಾತ್ರ ನಿಂತಳು. ಮ್ಯಾನೇಜರ್ ಅವಳ ಕೆಲಸದ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದರು. ಯಾವ ಬಾಗಿಲನ್ನು ಎಷ್ಟು ಗಂಟೆಗೆ ತೆಗೆದೆ ಎಂದು ಅವಳೇ ಬರೆಯುವ ಹಾಳೆ ಅದು.

ರೂಮ್ ಒಂಬತ್ತು. ಹತ್ತು ಇಪ್ಪತ್ತೈದು. ಪಕ್ಕದ ಅಂಕಣದಲ್ಲಿ 'ಸ್ವಚ್ಛ ಮಾಡಿದೆ' ಎಂಬ ಗುರುತು ಇಲ್ಲ.

"ಬಾಗಿಲು ತೆಗ್ದಿದ್ದೀಯ. ಕಸ ಗುಡಿಸಿಲ್ಲ. ಮತ್ತೆ ಯಾಕೆ ತೆಗ್ದೆ?"

ಗುಬ್ಬಿ ಗಂಡ ಹೆಂಡತಿಯತ್ತ ಒಮ್ಮೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಅವಳೂ ನೆಲ ನೋಡಿದಳು.

"ಮಾತಾಡು."

ಮಾತಾಡಲಿಲ್ಲ. ಆರು ವರ್ಷದಿಂದ ಅವಳದು ಹಂಗಾಮಿ ಕೆಲಸ. ಮುಂದಿನ ತಿಂಗಳು ಕಾಯಂ ಆಗುವುದಿತ್ತು. ಕಾಯಂ ಆದವರಿಗೆ ಹಿಂದಿನ ಸಾಲಿನಲ್ಲಿ ಒಂದು ಮನೆ. ಆ ಮನೆಯ ಕಿಟಕಿಗೆಂದು ಅತ್ತೆಯ ಹತ್ತಿರ ಹಳೆಯ ಪರದೆಯ ತುಂಡನ್ನು ಆಗಲೇ ಕೇಳಿ ಇಟ್ಟುಕೊಂಡಿದ್ದಳು. ಅದೆಲ್ಲ ನಮ್ಮ ಕಣ್ಣೆದುರಿಗೇ ಗಾಳಿಗೆ ಹಾರಿಹೋಗುತ್ತಿತ್ತು.

"ನಾಲ್ಕು ಗಂಟೆ ತನಕ ಟೈಮ್," ಎಂದರು ಮ್ಯಾನೇಜರ್. "ಆಮೇಲೆ ಪೊಲೀಸ್."

ಬೋಟ್ ಮೇಷ್ಟ್ರು ಅವಳ ಹತ್ತಿರ ಬಂದು ಮೆತ್ತಗೆ ಹೇಳಿದರು. "ಒಪ್ಕೊಂಬಿಡು ತಾಯಿ. ಬಳೆ ಕೊಟ್ರೆ ಸಾರ್ ಕ್ಷಮಿಸ್ತಾರೆ. ನಾನು ಹೇಳ್ತೀನಿ."

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಮುಖ ನೋಡಿ ಅಳೆಯುವವನಲ್ಲವೇ ನಾನು.

*

ಇಸ್ತ್ರಿ ಅತ್ತೆ ಯಾರಿಗೆ ಅತ್ತೆ ಎಂದು ನಮಗೆ ಯಾರಿಗೂ ಗೊತ್ತಿಲ್ಲ. ನಾವು ಸೇರುವ ಹೊತ್ತಿಗೇ ಅವರು ಅತ್ತೆ ಆಗಿದ್ದರು. ಅಡುಗೆಮನೆಯ ಹಿಂದಿನ ಬಟ್ಟೆಕೋಣೆ ಅವರ ರಾಜ್ಯ. ಇಪ್ಪತ್ತೆರಡು ರೂಮಿನ ಹಾಸಿಗೆ, ಹೊದಿಕೆ, ಟವೆಲ್ಲು ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು. ಹರಿದದ್ದೆಲ್ಲ ಅವರ ಸೂಜಿಗೇ ಬರಬೇಕು. ಪರದೆ, ಛತ್ರಿ, ಲೈಫ್ ಜಾಕೆಟ್, ನನ್ನ ಅಂಗಿಯ ಗುಂಡಿ. ಹೊಲಿಗೆಯ ಕೊನೆಗೆ ಮೂರು ಸಲ ಹಿಂದಕ್ಕೆ ಹೊಲಿದೇ ದಾರ ಕತ್ತರಿಸುತ್ತಾರೆ. ಅವರು ಹಾಕಿದ ಗುಂಡಿ ಅಂಗಿ ಹರಿದರೂ ಕಿತ್ತು ಬರುವುದಿಲ್ಲ.

ನಾನು ಓಡಿ ಹೋಗಿ ಎಲ್ಲ ಹೇಳಿದೆ. ಅವರು ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಲೇ ಕೇಳಿಸಿಕೊಂಡರು. ಚೀಲ ಮುಗಿಸಿ, ಮಡಚಿ, ಸ್ವಿಚ್ ಆರಿಸಿದರು.

"ಗುಬ್ಬಿ ಏನಂದ್ಲು?"

"ಬಾಯೇ ಬಿಡ್ತಿಲ್ಲ."

"ಹಾಗಾದ್ರೆ ಕದ್ದಿಲ್ಲ. ಕದ್ದೋರು ಇಷ್ಟು ಹೊತ್ತಿಗೆ ಹತ್ತು ಸುಳ್ಳು ಹೇಳಿರ್ತಿದ್ರು. ಅಲ್ಲಯ್ಯ, ಬಾಗಿಲು ತೆಗೆದ ಟೈಮ್‌ನ ಬರೆದಿಟ್ಟು ಕದಿಯೋರುಂಟಾ? ಅವಳು ಯಾರನ್ನೋ ಕಾಪಾಡ್ತಿದ್ದಾಳೆ."

"ನನಗೆ ಆ ಗಂಡನ ಮೇಲೇ ಅನುಮಾನ ಅತ್ತೆ. ಕೇಳೋಕೆ ಮುಂಚೆನೇ ಉತ್ತರ ಕೊಡ್ತಾನೆ. ಮುಖದಲ್ಲೇ ಕಳ್ಳಕಳೆ."

"ನೀನು ಮುಖ ನೋಡ್ತೀಯ. ನಾನು ಬಟ್ಟೆ ನೋಡ್ತೀನಿ. ನಡಿ."

ಹೊರಡುವಾಗ ಅತ್ತೆ ಒಂದು ಒಗೆದ ಕರವಸ್ತ್ರ ತೆಗೆದುಕೊಂಡರು. ರಿಸೆಪ್ಷನ್ ಹಾಲಿನಲ್ಲಿ ಕೂತು ಅಳುತ್ತಿದ್ದ ಹೆಂಡತಿಯ ಕೈಗೆ ಅದನ್ನು ಕೊಟ್ಟರು. ಕೊಡುವಾಗ ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡರು. ಇನ್ನೊಂದು ಕೈಯನ್ನೂ ಹಿಡಿದು ಸಮಾಧಾನ ಹೇಳಿದರು. ನಾನು ಅದನ್ನು ಬರೀ ಕರುಣೆ ಎಂದುಕೊಂಡೆ.

ಮೆಟ್ಟಿಲು ಹತ್ತುವಾಗ ಅತ್ತೆ ಹೇಳಿದರು. "ಇಪ್ಪತ್ತು ವರ್ಷ ಬಳೆ ಇದ್ದ ಕೈ ಅಲ್ಲ ಅದು. ಎರಡರಲ್ಲೂ ಒಂದು ಗುರುತಿಲ್ಲ. ಬಿಸಿಲಿಗೆ ಪೂರಾ ಒಂದೇ ಬಣ್ಣ ಬಂದಿದೆ."

"ಅಂದ್ರೆ ಬಳೆ ಸುಳ್ಳು."

"ಬಳೆ ಸುಳ್ಳಲ್ಲ, ಅಳು ನಿಜವಾದ್ದು. ಕೈ ಬೇರೆಯವರದು."

*

ನಾವು ಒಂಬತ್ತನೇ ರೂಮಿಗೆ ಹೋಗುವುದಕ್ಕೆ ಗಂಡ ಒಪ್ಪಿರಲೇ ಇಲ್ಲ. "ಬಾತ್‌ರೂಮಿಗೆ ಹೋಗ್ಬೇಡಿ, ನಲ್ಲಿ ಕೆಟ್ಟಿದೆ," ಎಂದು ಎರಡು ಸಲ ಹೇಳಿದರು. ಮ್ಯಾನೇಜರ್ ಅವರನ್ನು ಹಾಲಿನಲ್ಲೇ ಕೂರಿಸಿದರು. ನಾವಿಬ್ಬರೇ ಒಳಗೆ ಹೋದೆವು.

ನನಗೆ ಕಂಡದ್ದು ಇಷ್ಟು. ಒಂದು ಮಂಚ, ಒಂದು ಸೋಫಾ, ಎರಡು ಕುರ್ಚಿ, ಪೆಟ್ಟಿಗೆ ಇಡುವ ಸ್ಟ್ಯಾಂಡು, ಮುಚ್ಚಿದ ಬಾತ್‌ರೂಮಿನ ಬಾಗಿಲು. ಇದನ್ನೇ ಅತ್ತೆ ಪುಸ್ತಕದ ಹಾಗೆ ಓದಿದರು.

ಸೋಫಾದ ಹತ್ತಿರ ನಿಂತರು. "ಕುಶನ್ನಿನ ಜಿಪ್ಪು ಮುಂದಕ್ಕೆ ಬಂದಿದೆ. ಗುಬ್ಬಿ ಯಾವಾಗ್ಲೂ ಹಿಂದಕ್ಕೆ ಹಾಕ್ತಾಳೆ. ಇದನ್ನ ಯಾರೋ ತೆಗೆದು, ನೆಲಕ್ಕೆ ಹಾಸಿ, ಮತ್ತೆ ತಂದಿಟ್ಟಿದ್ದಾರೆ. ಬರೀ ಕೂತ್ಕೊಳ್ಳೋರು ಕುಶನ್ ಎಬ್ಬಿಸಲ್ಲ."

ಕುಶನ್ನಿನ ಸಂದಿಯಿಂದ ಒಂದು ಬಣ್ಣದ ರಬ್ಬರ್ ಬ್ಯಾಂಡ್ ಎಳೆದರು. ಕೂದಲಿಗೆ ಕಟ್ಟುವಂಥದ್ದು. "ಇಷ್ಟು ಚಿಕ್ಕದನ್ನ ದೊಡ್ಡವರು ಹಾಕಲ್ಲ. ಒಂದು ಹುಡುಗಿ ಇದೆ. ಹುಡುಗಿ ಇದ್ರೆ ಅವಳಮ್ಮನೂ ಇರ್ಬೇಕು."

ಆಮೇಲೆ ಮಂಚ. ಒಂದೇ ಕಡೆ ಎರಡು ದಿಂಬು ಒಂದರ ಮೇಲೊಂದು. ಕಾಲಿನ ಕಡೆ ಹೊದಿಕೆಯನ್ನು ಮಡಚಿ ಎತ್ತರ ಮಾಡಲಾಗಿತ್ತು. ಒಂದು ಕುರ್ಚಿಯ ಬೆನ್ನು ಮಂಚಕ್ಕೆ ಆತುಕೊಂಡಿತ್ತು.

"ಇಲ್ಲಿ ಮಲಗಿದ್ದು ಗಂಡ ಹೆಂಡತಿ ಅಲ್ಲ," ಎಂದರು ಅತ್ತೆ, ಸ್ವರ ತಗ್ಗಿಸಿ. "ಕಾಲು ಊದಿಕೊಳ್ಳೋ ವಯಸ್ಸಿನೋರು. ಎದ್ದೇಳೋಕೆ ಕುರ್ಚಿ ಹಿಡ್ಕೋತಾರೆ. ಮಕ್ಕಳೆಲ್ಲ ನೆಲದ ಮೇಲೆ ಮಲಗಿ ಅಮ್ಮನಿಗೆ ಪೂರ್ತಿ ಮಂಚ ಬಿಟ್ಟಿದ್ದಾರೆ. ಒಳ್ಳೇ ಜನ."

ಇಬ್ಬರ ರೂಮಿನಲ್ಲಿ ಐದು ಜನ. ನನ್ನ ಮೂಗಿನ ಕೆಳಗೇ. ನಾನು ಏನೂ ಹೇಳಲಿಲ್ಲ. ಹೇಳದಿರಲು ನನಗೊಂದು ಕಾರಣವಿತ್ತು, ಅದು ಆಮೇಲೆ.

ಸ್ಟ್ಯಾಂಡಿನ ಮೇಲೆ ನೀಲಿ ಪಟ್ಟೆಯ ಒಂದು ಟವೆಲ್ಲು ಸುರುಳಿ ಸುತ್ತಿಕೊಂಡು ಕೂತಿತ್ತು. ಅತ್ತೆ ಅದನ್ನು ಎತ್ತಿ ಮೂಸಿದರು. ಒಣಗಿತ್ತು.

"ದೋಣಿಮನೆಯದು," ಎಂದೆ. "ಇವರೇ ತಂದಿರ್ಬೇಕು."

ಅತ್ತೆ ಉತ್ತರಿಸದೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡರು. ಬಾತ್‌ರೂಮಿನ ಬಾಗಿಲು ತಳ್ಳಿದರು. ಒಳಗಿನಿಂದ ಚಿಲಕ ಹಾಕಿತ್ತು. ಅವರು ಕುರ್ಚಿ ಎಳೆದುಕೊಂಡು ಬಾಗಿಲಿನ ಎದುರಿಗೆ ಕೂತರು.

"ಅಮ್ಮ, ಹೊರಗೆ ಬನ್ನಿ. ಕಾಲು ನೋಯುತ್ತೆ ನಿಂತು ನಿಂತು."

ಅತ್ತೆ ಬಾಗಿಲನ್ನು ಮೆತ್ತಗೆ ತಟ್ಟಿದರು.

"ಬಳೆ ನಿಮ್ಮದು ಅಂತ ಗೊತ್ತಾಯ್ತು. ಕೆಳಗೆ ಒಂದು ಹುಡುಗಿ ನಿಮಗೋಸ್ಕರ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೆ. ಕಳ್ಳಿ ಅಂತಿದ್ದಾರೆ ಅವಳನ್ನ."

ಚಿಲಕ ಸರಿಯಿತು. ಬಿಳಿಕೂದಲಿನ ಅಜ್ಜಿಯೊಬ್ಬರು ಬಾಗಿಲು ಹಿಡಿದು ನಿಂತಿದ್ದರು. ಅವರ ಬಲಗೈ ಮಣಿಕಟ್ಟಿನ ಸುತ್ತ ಒಂದು ಬೆರಳಗಲ ಬೆಳ್ಳಗಿತ್ತು.

"ಆ ಗುಬ್ಬಚ್ಚಿಯಂಥ ಹುಡುಗೀನಾ?" ಎಂದರು. "ಅವಳೇ ತಾನೇ ನನ್ನನ್ನ ಒಳಗೆ ಬಿಟ್ಟಿದ್ದು."

*

ಅಜ್ಜಿ ಹೇಳಿದ್ದು ಇಷ್ಟು. ಮಗ ಸೊಸೆ ಎರಡು ತಿಂಗಳ ಹಿಂದೆ ರೂಮು ಹಿಡಿದಿದ್ದರು. ಹೊರಡುವ ಹಿಂದಿನ ದಿನ ಮಗಳು ತನ್ನ ಹುಡುಗಿಯನ್ನು ಕರೆದುಕೊಂಡು ಬಂದಳು. ಇನ್ನೊಂದು ರೂಮು ಕೇಳಿದರೆ ಎಲ್ಲ ತುಂಬಿದೆ ಎಂಬ ಉತ್ತರ. ಅಜ್ಜಿಗೆ ಕೆರೆ ನೋಡುವ ಆಸೆ. ಬಿಟ್ಟು ಬರಲು ಮಗನಿಗೆ ಮನಸ್ಸಾಗಲಿಲ್ಲ. ಎಲ್ಲರೂ ಬಂದೇಬಿಟ್ಟರು. ಮಗಳು, ಮೊಮ್ಮಗಳು ಈಗ ಕೆರೆಯ ದಂಡೆಯಲ್ಲೇ ಕಾಯುತ್ತಿದ್ದರು.

"ಯಾರಾದ್ರೂ ಬಂದ್ರೆ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಸುಮ್ನಿರು ಅಂತ ಮಗ ಹೇಳಿದ್ದ. ಎರಡು ದಿನದಿಂದ ಅದೇ ನನ್ನ ಮನೆ ಆಗಿದೆ," ಎಂದು ನಕ್ಕರು.

ಆ ಬೆಳಿಗ್ಗೆ ಐವರೂ ದೋಣಿಗೆ ಹೋಗಿದ್ದರು. ಜಾಕೆಟ್ ತೊಟ್ಟೂ ಆಗಿತ್ತು. ಹಲಗೆಯ ಮೇಲೆ ಕಾಲಿಟ್ಟಾಗ ದೋಣಿ ಅಲ್ಲಾಡಿತು. ಅಜ್ಜಿ ಜಾಕೆಟ್ ಬಿಚ್ಚಿ ಬೆಂಚಿನ ಮೇಲಿಟ್ಟು, ನೀವು ಹೋಗಿ ಬನ್ನಿ ಎಂದು ರೂಮಿಗೆ ಮರಳಿದರು. ಕೀ ದೋಣಿಮನೆಯಲ್ಲಿತ್ತು. ಬಾಗಿಲಿನಲ್ಲಿ ನಿಂತಿದ್ದ ಅವರಿಗೆ ಗುಬ್ಬಿ ಬಾಗಿಲು ತೆಗೆದುಕೊಟ್ಟಳು.

"ಕಾಲು ಕೆಸರಾಗಿತ್ತು. ತೊಳೀತಿದ್ದೆ. ಬಾಗಿಲು ತೆಗೆದ ಸದ್ದಾಯ್ತು. ಚಿಲಕ ಹಾಕಿ ಉಸಿರು ಹಿಡ್ಕೊಂಡೆ. ಆದ್ರೆ ಸೀನು ಕೇಳುತ್ತಾ? ಬಂದೇಬಿಡ್ತು. ಹೊರಗಿದ್ದೋರು ಓಡಿದ್ರು."

"ಓಡಿದ್ದು ಹೇಗೆ ಕೇಳಿಸ್ತು?" ಎಂದರು ಅತ್ತೆ.

"ಪಚಕ್ ಪಚಕ್ ಅಂತ. ಒದ್ದೆ ಚಪ್ಪಲಿ ಹಾಕ್ಕೊಂಡು ಓಡೋ ಹಾಗೆ."

ಗುಬ್ಬಿ ಹಾಕುವುದು ಬಟ್ಟೆಯ ಬೂಟು. ಬಂದರೂ ಗೊತ್ತಾಗುವುದಿಲ್ಲ, ಹೋದರೂ ಗೊತ್ತಾಗುವುದಿಲ್ಲ.

"ಕೆಳಗೆ ಬಂದು ಇದನ್ನೇ ಹೇಳ್ತೀರಾ ಅಮ್ಮ?" ಅತ್ತೆ ಕೇಳಿದರು. "ಹೇಳಿದ್ರೆ ನಿಮ್ಮ ಮಗನಿಗೆ ಅವಮಾನ ಆಗುತ್ತೆ. ರೂಮೂ ಖಾಲಿ ಮಾಡಿಸಬಹುದು."

ಅಜ್ಜಿ ಕುರ್ಚಿ ಹಿಡಿದು ನೆಟ್ಟಗೆ ನಿಂತರು. "ಮಗನನ್ನ ನಾನು ಸಮಾಧಾನ ಮಾಡ್ಕೋತೀನಿ. ಮೊದ್ಲು ಮೆಟ್ಟಿಲು ಇಳಿಸಿ."

ಆ ಮೆಟ್ಟಿಲು ಇಳಿಯಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಒಂದೊಂದು ಮೆಟ್ಟಿಲಿಗೂ ನನಗೆ ಅವರ ಮೇಲೆ ಗೌರವ ಹೆಚ್ಚಿತು.

*

"ನಾನು ರೂಮಲ್ಲಿದ್ದೆ," ಎಂದರು ಅಜ್ಜಿ, ಹಾಲಿನ ನಡುವೆ ನಿಂತು. "ಈ ಹುಡುಗಿ ನನ್ನನ್ನ ಒಳಗೆ ಬಿಟ್ಟು ಹೊಸಿಲು ಕೂಡ ದಾಟದೆ ಹೋದ್ಲು."

ಗುಬ್ಬಿಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು. "ಹೇಳ್ಬೇಡಿ ಅಂದಿದ್ನಲ್ಲ ಅಜ್ಜಿ."

ಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮ್ಯಾನೇಜರ್ ಸಾಹೇಬರ ಮುಖ ಗಂಟಾಯಿತು.

"ಪುಟ ಹದಿನಾಲ್ಕು. ಇಬ್ಬರ ರೂಮಲ್ಲಿ ಇಬ್ಬರೇ. ನೀವು ಐದು ಜನ. ಮೊದಲಿಂದ ಸುಳ್ಳು. ಇನ್ನು ಬಳೆ ಇತ್ತು ಅಂತ ನಾನು ಹೇಗೆ ನಂಬ್ಲಿ?" ಗುಬ್ಬಿಯ ಕಡೆ ತಿರುಗಿದರು. "ನಿನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳದೋರಿಗೆ ಕೆಲಸ ಇಲ್ಲ. ಪುಟ ಹದಿನೈದು."

ಗುಬ್ಬಿ ಯಾಕೆ ಬಾಯಿ ಬಿಡಲಿಲ್ಲವೆಂದು ನನಗೆ ಆಗ ಅರ್ಥವಾಯಿತು. ಸುಮ್ಮನಿದ್ದರೆ ಕಳ್ಳಿ. ಮಾತಾಡಿದರೆ ಅಜ್ಜಿ ಬೀದಿಗೆ, ತಾನೂ ಬೀದಿಗೆ. ಅವಳು ಅಜ್ಜಿಯನ್ನಾದರೂ ಉಳಿಸಲು ನೋಡಿದ್ದಳು.

"ಸಾರ್," ಎಂದರು ಇಸ್ತ್ರಿ ಅತ್ತೆ. "ಪುಟ ಆಮೇಲೆ ತಿರುವೋಣ. ನಾಲ್ಕು ಗಂಟೆಗೆ ಇನ್ನೂ ಸಮಯ ಇದೆ. ಎಲ್ಲರೂ ದೋಣಿಮನೆಗೆ ಬನ್ನಿ."

*

ದೋಣಿಮನೆ ಎಂದರೆ ತಗಡಿನ ಮಾಡಿನ ಒಂದು ಕೋಣೆ. ಗೋಡೆಗೆ ಕೀ ತೂಗುವ ಮೊಳೆಗಳು. ಕಪಾಟಿನಲ್ಲಿ ನೀಲಿ ಪಟ್ಟೆಯ ಟವೆಲ್ಲುಗಳು, ಎಲ್ಲವೂ ಸುರುಳಿ. ಗಾಳಿಗೆ ಬಿಚ್ಚದಿರಲೆಂದು ಪ್ರತಿಯೊಂದರ ತುದಿಯನ್ನೂ ಒಳಕ್ಕೆ ಸಿಕ್ಕಿಸಲಾಗಿತ್ತು. ಹಗ್ಗದ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟುಗಳು. ಮೂಲೆಯಲ್ಲಿ ಸೀಸನ್ ಮುಗಿದ ಮೇಲೆ ಪೇಟೆಗೆ ಹೋಗಬೇಕಾದ ಹಾಳು ಜಾಕೆಟ್ಟುಗಳ ರಾಶಿ.

"ಮೇಷ್ಟ್ರೇ, ಜಾಕೆಟ್ ಕೊಟ್ಟ ಪುಸ್ತಕ ತೋರಿಸಿ," ಎಂದರು ಅತ್ತೆ.

ಮೇಷ್ಟ್ರು ನಗುತ್ತಲೇ ಕೊಟ್ಟರು. ನಾನು ಓದಿದೆ. "ರೂಮ್ ಒಂಬತ್ತು. ಹತ್ತು ಗಂಟೆ. ಐದು ಜಾಕೆಟ್."

"ಇಬ್ಬರ ರೂಮಿಗೆ ಐದು ಜಾಕೆಟ್ ಕೊಟ್ರಿ. ರಿಸೆಪ್ಷನ್‌ಗೆ ಯಾಕೆ ಹೇಳ್ಲಿಲ್ಲ?"

"ಪಾಪ ಅನ್ನಿಸ್ತು ಅತ್ತೆ. ದೊಡ್ಡೋರು ಬೇರೆ ಇದ್ರು."

"ನನಗೂ ಹಾಗೇ ಅನ್ನಿಸ್ತಿತ್ತು," ಎಂದರು ಅತ್ತೆ. ಹುಟ್ಟು ಹಾಕುವವನನ್ನು ಹತ್ತಿರ ಕರೆದರು. "ನೀನು ಇವರನ್ನ ಕೆರೆ ಮೇಲೆ ಕರ್ಕೊಂಡು ಹೋದೆಯಲ್ಲ. ಎಷ್ಟು ಜನ ಇದ್ರು?"

"ನಾಲ್ಕು. ಈ ಅಜ್ಜಿ ಹಲಗೆ ಮೇಲಿಂದ ವಾಪಸ್ ಹೋದ್ರು."

"ಆಗ ಮೇಷ್ಟ್ರು ಎಲ್ಲಿದ್ರು?"

"ಜಾಕೆಟ್ ಕೊಟ್ಟು ಒಳಗೆ ಹೋದ್ರಲ್ಲ. ಟವೆಲ್ ಸುತ್ತೋಕೆ ಅಂತ."

ಮೇಷ್ಟ್ರ ನಗು ಅಲ್ಲೇ ಇತ್ತು. ಆದರೆ ಅದಕ್ಕೆ ಈಗ ಮುಖದ ಉಳಿದ ಭಾಗದ ಜೊತೆ ಸಂಬಂಧವಿರಲಿಲ್ಲ.

ಅತ್ತೆ ಕಂಕುಳಲ್ಲಿದ್ದ ಸುರುಳಿಯನ್ನು ಮೇಜಿನ ಮೇಲೆ ಇಟ್ಟರು. "ಇದು ಒಂಬತ್ತನೇ ರೂಮಲ್ಲಿ ಸಿಕ್ತು. ಇಲ್ಲಿ ಟವೆಲ್ ಕೊಡೋದು ದೋಣಿಯಿಂದ ಇಳಿದ ಮೇಲೆ. ಮೈ ಒರೆಸ್ಕೊಂಡು ಇಲ್ಲೇ ಬುಟ್ಟಿಗೆ ಹಾಕಿ ಹೋಗ್ತಾರೆ. ರೂಮಿಗೆ ತಂದಿದ್ರೆ ಒದ್ದೆ ಆಗಿರ್ಬೇಕು, ಮುದ್ದೆ ಆಗಿರ್ಬೇಕು. ಇದು ಒಣಗಿದೆ. ತುದಿ ಒಳಗೇ ಸಿಕ್ಕಿಸಿದೆ. ರೂಮಿನ ಹುಡುಗಿಯರು ಟವೆಲ್ ಮಡಚ್ತಾರೆ, ಯಾರೂ ಹೀಗೆ ಸುತ್ತಲ್ಲ. ದೋಣಿಮನೇಲಿ ಇರೋದು ಇಬ್ರು. ಒಬ್ಬ ಕೆರೆ ಮಧ್ಯೆ ಹುಟ್ಟು ಹಾಕ್ತಿದ್ದ."

"ಯಾರೋ ಎತ್ಕೊಂಡು ಹೋಗಿರ್ಬೇಕು," ಎಂದರು ಮೇಷ್ಟ್ರು. "ನಾನು ಅಲ್ಲಿಂದ ಕದಲಿಲ್ಲ."

"ಸರಿ. ಕದಲಿಲ್ಲ."

ಅತ್ತೆ ಜಾಕೆಟ್ಟುಗಳ ಸಾಲಿನತ್ತ ನಡೆದರು. ಒಂದೊಂದರ ಅಂಚಿನ ಮೇಲೂ ಬೆರಳು ಆಡಿಸುತ್ತಾ ಹೋದರು. ಹಗ್ಗ ಮುಗಿಯಿತು. ಮೂಲೆಯ ರಾಶಿಗೆ ಬಂದರು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ಬೆರಳು ನಿಂತಿತು.

"ಈ ಜಾಕೆಟ್ಟುಗಳನ್ನ ಇಷ್ಟು ವರ್ಷ ಹೊಲಿದೋಳು ನಾನು," ಎಂದರು. "ಬಿಳಿ ದಾರ, ಎರಡೆಳೆ, ಕೊನೆಗೆ ಮೂರು ಸಲ ಹಿಂದಕ್ಕೆ. ಇಲ್ಲಿ ಯಾರೋ ಮೀನು ಹಿಡಿಯೋ ದಾರದಲ್ಲಿ ಹೊಲಿದಿದ್ದಾರೆ. ಹಾಳಾಗಿದೆ ಅಂತ ಬಿಸಾಕಿದ ಜಾಕೆಟ್ಟನ್ನ ಯಾಕಪ್ಪ ಹೊಲೀಬೇಕು?"

ಸೊಂಟದಿಂದ ಕತ್ತರಿ ತೆಗೆದರು. ಮೇಷ್ಟ್ರು ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟರು. ಬಾಗಿಲಿನಲ್ಲಿ ಒಂಬತ್ತನೇ ರೂಮಿನ ಗಂಡ, ಅಂದರೆ ಅಜ್ಜಿಯ ಮಗ, ನಿಂತಿದ್ದರು. ಸರಿಯಲಿಲ್ಲ. ನಾನು ಕಳ್ಳನೆಂದು ಬಗೆದಿದ್ದ ಮನುಷ್ಯ.

ಸ್ಪಂಜಿನ ಒಳಗಿನಿಂದ ಅತ್ತೆ ಮೊದಲು ತೆಗೆದದ್ದು ಅಗಲವಾದ ಒಂದು ಬಳೆ. ಅಜ್ಜಿ ಕೈ ಚಾಚಿದರು. ಬಳೆ ಆ ಬೆಳ್ಳನೆಯ ಗುರುತಿನ ಮೇಲೆ ಹೋಗಿ ಕೂತಿತು.

ಆದರೆ ಅತ್ತೆಯ ಕೈ ಮತ್ತೆ ಒಳಗೆ ಹೋಯಿತು. ಒಂದು ಜೊತೆ ಓಲೆ. ಮಗುವಿನ ಸರ. ಹೆಂಗಸರ ವಾಚು. ಎರಡು ಉಂಗುರ. ಒಂದು ಹಳೆಯ ಪೆನ್ನು. ಅವನ್ನೆಲ್ಲ ನೀಲಿ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟರು.

"ಇವು ಯಾರದು?" ಎಂದರು ಮ್ಯಾನೇಜರ್. "ಈ ಸೀಸನ್‌ನಲ್ಲಿ ಒಂದು ದೂರೂ ಬಂದಿಲ್ಲವಲ್ಲ."

"ಹೇಗೆ ಬರುತ್ತೆ ಸಾರ್," ಎಂದರು ಅತ್ತೆ. "ಇಲ್ಲಿ ಇಲ್ಲವೇ ಇಲ್ಲ ಅನ್ನಿಸ್ಕೊಂಡೋರ ವಸ್ತುಗಳಿವು."

*

ಪೊಲೀಸರು ಬರುವ ತನಕ ಅತ್ತೆ ಹಾಲಿನಲ್ಲಿ ಕೂತು ಚಹಾ ಕುಡಿಯುತ್ತಾ ಬಿಡಿಸಿ ಹೇಳಿದರು. ನಾವೆಲ್ಲ ಮಕ್ಕಳ ಹಾಗೆ ಸುತ್ತ ಕೂತಿದ್ದೆವು.

"ರೂಮಲ್ಲಿ ಹೆಚ್ಚಿನ ಜನ ಇದ್ದಾರೆ ಅಂತ ಮೇಷ್ಟ್ರಿಗೆ ಗೊತ್ತಾಗೋದು ಜಾಕೆಟ್ಟಿನಿಂದ. ಮುಳುಗೋ ಭಯಕ್ಕೆ ಯಾರೂ ಅಲ್ಲಿ ಸುಳ್ಳು ಲೆಕ್ಕ ಹೇಳಲ್ಲ. ಐದು ಜನ ಇದ್ರೆ ಐದೇ ಕೇಳ್ತಾರೆ. ಕೀ ಕೈಗೆ ಬಂತು. ಒಂದು ಗಂಟೆ ರೂಮು ಖಾಲಿ. ಕಳಕೊಂಡೋರು ದೂರು ಕೊಟ್ರೆ ತಮ್ಮದೇ ಗುಟ್ಟು ಹೊರಗೆ ಬರುತ್ತೆ. ಅದಕ್ಕೆ ಕೊಡಲ್ಲ. ಟವೆಲ್ ಕೈಯಲ್ಲಿದ್ರೆ ಯಾರಾದ್ರೂ ಕೇಳಿದ್ರೂ ತಲುಪಿಸೋಕೆ ಬಂದೆ ಅನ್ನಬಹುದು. ದಿಂಬಿನ ಕೆಳಗೆ ಕೈ ಹಾಕಿದ್ರೆ ಸಾಕು. ಹಾಸಿಗೆ ತೆಗೆಯೋ ನಮಗೆಲ್ಲ ಗೊತ್ತು, ಜನ ಅಲ್ಲೇ ಇಡ್ತಾರೆ."

"ಸಿಕ್ಕಿಬಿದ್ದಿದ್ದು ಹೇಗೆ ಮತ್ತೆ?" ಎಂದಳು ಗುಬ್ಬಿ.

"ಒಂದೇ ತಪ್ಪು. ಪುಸ್ತಕದಲ್ಲಿ ಐದು ಅಂತ ಬರೆದ. ಕೆರೆ ಮೇಲೆ ಐದಿದ್ದಾರಾ ಅಂತ ತಲೆ ಎತ್ತಿ ನೋಡ್ಲಿಲ್ಲ. ಬರೆದದ್ದನ್ನ ನಂಬಿದ. ಅಮ್ಮ ಸೀನಿದ್ರು. ಹೆದರಿ ಬಳೆ ಹಿಡ್ಕೊಂಡು ಓಡಿದ. ಟವೆಲ್ ಅಲ್ಲೇ ಉಳೀತು. ಗೇಟಲ್ಲಿ ನಮ್ಮೆಲ್ಲರ ಚೀಲ, ಜೇಬು ನೋಡ್ತಾರೆ, ಹಾಳು ಜಾಕೆಟ್ಟಿನ ಮೂಟೆ ನೋಡಲ್ಲ. ಅದಕ್ಕೆ ಅಲ್ಲಿ ಹೊಲಿದಿಟ್ಟ."

"ಅವರ ಎರಡು ದಿನದ ಗುಟ್ಟು ಅವನಿಗೂ ಗೊತ್ತಿತ್ತು, ಗುಬ್ಬಿಗೂ ಗೊತ್ತಿತ್ತು," ಎಂದು ಅತ್ತೆ ಲೋಟ ಕೆಳಗಿಟ್ಟರು. "ಇಬ್ರೂ ಬಾಯಿ ಬಿಡ್ಲಿಲ್ಲ. ಒಬ್ಬ ಯಾಕೆ ಬಿಡ್ಲಿಲ್ಲ, ಒಬ್ಬಳು ಯಾಕೆ ಬಿಡ್ಲಿಲ್ಲ ಅನ್ನೋದು ನೋಡ್ಬೇಕು ಸಾರ್."

"ಕಳ್ಳತನದ ಮಾತು ಮುಗೀತು," ಎಂದರು ಮ್ಯಾನೇಜರ್. "ಆದ್ರೆ ಪುಟ ಹದಿನೈದು ಇದೆಯಲ್ಲ. ಗೊತ್ತಿದ್ದೂ ಹೇಳದವರು."

"ಹಾಗಾದ್ರೆ ನನ್ನಿಂದ ಶುರು ಮಾಡಿ," ಎಂದರು ಅತ್ತೆ. "ಮೊನ್ನೆ ಸಂಜೆ ಗುಬ್ಬಿ ಒಂಬತ್ತಕ್ಕೆ ಮೂರು ಟವೆಲ್ ಹೆಚ್ಚಿಗೆ ಕೇಳಿದ್ಲು. ಯಾಕೆ ಅಂತ ಕೇಳದೆ ಕೊಟ್ಟೆ. ಕೇಳದೇ ಇದ್ದಿದ್ದು ಗೊತ್ತಿಲ್ಲದೆ ಅಲ್ಲ."

ಎಲ್ಲರ ಕಣ್ಣೂ ಅವರ ಮೇಲೆ. ಆಗ ಎದ್ದು ನಿಂತವನು ನಾನು. ಜೀವನದಲ್ಲಿ ನಾನು ಮಾಡಿದ ಅಪರೂಪದ ಒಳ್ಳೆಯ ಕೆಲಸಗಳಲ್ಲಿ ಅದೊಂದು, ಅದೂ ಅತ್ತೆಯನ್ನು ನೋಡಿ ಬಂದ ಧೈರ್ಯ.

"ನನ್ನ ಹೆಸರೂ ಬರ್ಕೊಳ್ಳಿ ಸಾರ್. ಇವರು ಬಂದ ಸಂಜೆ ಕಾರಿನ ಹಿಂದಿನ ಬಾಗಿಲಿಂದ ಅಜ್ಜಿ ಇಳಿಯೋದನ್ನ ಕಿಟಕೀಲಿ ನೋಡ್ದೆ. ಎರಡು ಕಡೆಯಿಂದ ಇಬ್ರು ಹಿಡ್ಕೊಂಡಿದ್ರು. ನಾನು ತಲೆ ತಗ್ಗಿಸಿ ಫೋನ್ ಎತ್ತಿದೆ. ಫೋನ್ ಬಂದಿರ್ಲಿಲ್ಲ."

ಮ್ಯಾನೇಜರ್ ನಮ್ಮ ಮೂವರನ್ನೂ ನೋಡಿದರು. ಮೂವರನ್ನೂ ಕಳಿಸಿದರೆ ನಾಳೆ ರೆಸಾರ್ಟಿನ ಬಾಗಿಲು ತೆಗೆಯುವವರಾರು ಎಂದು ಯೋಚಿಸಿದರೋ ಏನೋ. ಆದರೆ ಅವರ ಕಣ್ಣು ಕೊನೆಗೆ ನಿಂತದ್ದು ಅಜ್ಜಿಯ ಊದಿದ ಕಾಲಿನ ಮೇಲೆ.

"ಎರಡು ದಿನ ಬಾತ್‌ರೂಮಲ್ಲಿ ನಿಂತಿದ್ರಾ ಅಮ್ಮ?"

"ಆಗಾಗ ಬಕೆಟ್ ಮಗುಚಿ ಹಾಕ್ಕೊಂಡು ಕೂತಿದ್ದೆ."

ಸಾಹೇಬರು ಕೌಂಟರಿಗೆ ನಡೆದು ಬಂದು ಅತಿಥಿಗಳ ದೊಡ್ಡ ಪುಸ್ತಕವನ್ನು ತಾವೇ ತೆರೆದರು. "ಪುಟ ಹದಿನಾರು," ಎಂದರು. "ಮ್ಯಾನೇಜರ್ ಒಪ್ಪಿದ್ರೆ ಹೆಚ್ಚಿನ ಅತಿಥಿಗಳ ಹೆಸರು ಸೇರಿಸಬಹುದು. ಯಾವಾಗ ಸೇರಿಸ್ಬೇಕು ಅಂತ ಬರೆದಿಲ್ಲ. ಗುಬ್ಬಿ, ಹೋಗಿ ಒಂಬತ್ತಕ್ಕೆ ಮೂರು ಹಾಸಿಗೆ ಹಾಕು. ಕಾಯಂ ಆಗೋರು ಅಳ್ತಾ ನಿಲ್ಬಾರ್ದು."

ನಾನು ಬರೆಯಲು ಪೆನ್ನು ತೆಗೆದೆ. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಾನೇ ಬರೀತೀನಿ. ನಾನೂ ಇಲ್ಲಿದ್ದೆ ಅಂತ."

ಮಗ ಸೊಸೆಯ ಹೆಸರಿನ ಕೆಳಗೆ, ನಡುಗುವ ದೊಡ್ಡ ಅಕ್ಷರದಲ್ಲಿ, ತಮ್ಮ ಪೂರ್ತಿ ಹೆಸರು ಬರೆದರು.

*

ಪೊಲೀಸರು ಎಲ್ಲ ಬರೆದುಕೊಂಡು ಮೇಷ್ಟ್ರನ್ನು ಕರೆದೊಯ್ದರು. ವಸ್ತುಗಳ ಒಡೆಯರನ್ನು ಪತ್ತೆ ಮಾಡುವುದು ಹೇಗೆ ಎಂದು ನಾನು ತಲೆ ಮೇಲೆ ಕೈಹೊತ್ತು ಕೂತೆ.

ಅತ್ತೆ ನನ್ನ ಮುಂದೆ ಎರಡು ಪುಸ್ತಕ ತಂದಿಟ್ಟರು. ಒಂದು ನನ್ನದು. ಇನ್ನೊಂದು ಬೋಟ್ ಮೇಷ್ಟ್ರದು. "ಇಬ್ರು ಅಂತ ನೀನು ಬರೆದ ಕಡೆ ಅವನು ನಾಲ್ಕು, ಆರು ಅಂತ ಬರೆದಿದ್ರೆ ಆ ರೂಮಿನೋರಿಗೆ ಫೋನ್ ಮಾಡು."

ಅಂಥವು ಹನ್ನೊಂದು ಸಿಕ್ಕವು. ಮೊದಲ ಫೋನು ನಾಲ್ಕನೇ ರೂಮಿನವರಿಗೆ. ಎರಡು ತಿಂಗಳ ಹಿಂದೆ ಉಳಿದು ಹೋದವರು. ಒಬ್ಬ ಹೆಂಗಸು ಎತ್ತಿದರು.

"ಮೇಡಂ, ರೆಸಾರ್ಟಿನಿಂದ. ನೀವು ಇಲ್ಲಿದ್ದಾಗ ನಿಮ್ಮ ರೂಮಲ್ಲಿ ಏನಾದ್ರೂ ಕಳೆದಿತ್ತಾ?"

"ಇಲ್ಲ," ಎಂದರು ತಕ್ಷಣ. "ಏನೂ ಇಲ್ಲ. ನಾವಿದ್ದಿದ್ದೇ ಇಬ್ರು."

ನಾನು ಅತ್ತೆಯ ಮುಖ ನೋಡಿದೆ. ಅವರು ಫೋನು ತೆಗೆದುಕೊಂಡರು.

"ಎಷ್ಟು ಜನ ಮಲಗಿದ್ರಿ ಅಂತ ನಾವು ಕೇಳ್ತಿಲ್ಲ ತಾಯಿ. ಒಂದು ಹಳೇ ವಾಚು ಸಿಕ್ಕಿದೆ. ಒಂದು ಜೊತೆ ಓಲೆ ಇದೆ. ಮಗುವಿನ ಸರ ಒಂದಿದೆ. ಇದು ಯಾರದು ಅಂತ ಅಷ್ಟೇ ಕೇಳ್ತಿದ್ದೀವಿ."

ಆ ಹೆಂಗಸು ಫೋನನ್ನು ಪಕ್ಕಕ್ಕೆ ಹಿಡಿದು ಯಾರನ್ನೋ ಕೂಗಿದ್ದು ನಮಗೆ ಕೇಳಿಸಿತು.

"ಅಮ್ಮ, ಇಲ್ಲಿ ಬಾ. ನಿನ್ನ ವಾಚು ಸಿಕ್ಕಿದೆಯಂತೆ."